ಎರಡನೇ ಭಾಗ ಬಂದ ಮಳೆಗಾಲ

ಹೋದ ಆಷಾಢದಲ್ಲಿ ಏನೋ ಕೆಲಸಕ್ಕೆಂದು ಪುಣೆಯ ಪಕ್ಕದ ಚಿಂಚವಾಡಕ್ಕೆ ಹೋದವಳು ಮಳೆಗೆ ಸಿಕ್ಕಿ ಒಂದು ವಡಾಪಾವ್ ಗಾಡಿಯ ತಾಡಪತ್ರಿಯ ಕೆಳಗೆ ನಿಂತೆ. ಹತ್ತಾರು ಜನ ಕೊಡೆ ಮಡಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವಂತೆ ನಿಂತಿದ್ದರು. ಒದ್ದೆ ಕೊಡೆಯ ವಾಸನೆ, ಕಾಯ್ದ ಎಣ್ಣೆಯ ವಾಸನೆ, ಹಿಂದಿನ ಕಟ್ಟಡದವರು ಮೆಟ್ಟಿಲಿಗೆ ಸುರಿದ ಫಿನೈಲಿನ ವಾಸನೆ, ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿ ಟಿಕೆಟ್ ಹರಿಯಲು ಹೊರಟಂತಾಯಿತು. ಈಗ ಗಾಜಿನ ಅಂಗಡಿಗಳ ಕಟ್ಟಡ ನಿಂತಿರುವಲ್ಲೇ ನಮ್ಮ ಟಾಕೀಜು ಇತ್ತು. ಈಗಲೂ ಮೇಲಿನ ಅಂತಸ್ತಿನಲ್ಲಿ ಸಿನಿಮಾ ತೋರಿಸುತ್ತಾರಂತೆ. ಗೋಡೆಯ ಮೇಲೆ ದೊಡ್ಡ ಪೋಸ್ಟರು. ಅದರಲ್ಲಿ ನನ್ನ ಹಳೆಯ ಪರಿಚಯದ ಲಿಫ್ಟು ಬಾಯಿ ತೆರೆದು ನಿಂತಿತ್ತು, ಬದಿಗೆ ಹೊಸ ಅಂಕಿ. ಇಷ್ಟು ವರ್ಷವಾದರೂ ನಿನ್ನ ಆಟ ಮುಗಿದಿಲ್ಲವೇ ಎಂದು ಅದನ್ನು ಮನಸ್ಸಿನಲ್ಲೇ ಕೇಳಿದೆ.

ಆ ಇಂಗ್ಲಿಷ್ ಸಿನಿಮಾದ ಎರಡನೇ ಭಾಗ ಹಿಂದಿಯಲ್ಲಿ ಮಾತಾಡುತ್ತ ನಮ್ಮ ಟಾಕೀಜಿಗೆ ಬಂದದ್ದು ೨೦೦೩ರ ಮಳೆಗಾಲದಲ್ಲಿ. ನಾನಾಗ ಹೆಂಗಸರ ಖಿಡಕಿಯಲ್ಲಿ ಕೂತು ಟಿಕೆಟ್ ಕೊಡುತ್ತಿದ್ದೆ. ಮೊದಲ ಭಾಗದ ಕಥೆ ಇಷ್ಟೇ. ಒಂದು ಹೋಟೆಲಿನ ಲಿಫ್ಟಿನಲ್ಲಿ ಜಗಳವಾಗಿ ಆರು ಮಂದಿ ಕೊನೆಯ ಗಳಿಗೆಯಲ್ಲಿ ಇಳಿದುಬಿಡುತ್ತಾರೆ, ಲಿಫ್ಟು ಬೀಳುತ್ತದೆ. ತಪ್ಪಿಸಿಕೊಂಡ ಆರೂ ಮಂದಿಯನ್ನು ಸಾವು ಹುಡುಕಿಕೊಂಡು ಬರುತ್ತದೆ. ಅವರಲ್ಲಿ ಒಂದು ಹುಡುಗಿ, ಒಬ್ಬ ಮುದುಕ ಹೆಣಗಾಡಿ ಹೇಗೋ ಉಳಿದುಕೊಂಡಿದ್ದರು. ಎರಡನೇ ಭಾಗದವರು ಅವರಿಬ್ಬರನ್ನೂ ಮೊದಲ ಹತ್ತು ನಿಮಿಷದಲ್ಲೇ ಮುಗಿಸಿ, ಹೊಸ ಮಂದಿಯನ್ನು ತಂದು ನಿಲ್ಲಿಸಿದ್ದರು.

ಇದಕ್ಕೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದೂವರೆ ತಾಸು ಅವರು ಬಡಿದಾಡಿದ್ದಕ್ಕೆ ಏನು ಬೆಲೆ ಬಂತು? ಆ ಹುಡುಗಿ ಉಳಿದಳೆಂದು ಚಪ್ಪಾಳೆ ಹೊಡೆದು ಮನೆಗೆ ಹೋದ ನಾವು ಮೂರ್ಖರೇ? ನಾನು ಮ್ಯಾನೇಜರ್ ಕಾಕಾನಿಗೆ ಹೇಳಿಯೇ ಹೇಳಿದೆ, ಇದು ಮೋಸ ಎಂದು. ಆತ ಬೀಡಿ ಬಾಯಿಂದ ತೆಗೆಯದೆ, ಸಿನಿಮಾ ಮಾಡಿದವನು ನಾನಲ್ಲ ತಿಪಾಬಾಯಿ, ನೀನು ಟಿಕೆಟ್ ಕೊಡು ಎಂದ.

ನನ್ನ ಹೆಸರು ತಿಪ್ಪವ್ವ. ಅದರ ಕಥೆಗೆ ಆಮೇಲೆ ಬರುತ್ತೇನೆ. ಆ ಮಳೆಗಾಲದಲ್ಲಿ ನನಗೆ ಏಳು ತಿಂಗಳು. ಅದಕ್ಕೆ ಮೊದಲು ಎರಡು ಬಸಿರು ಐದನೇ ತಿಂಗಳಲ್ಲೇ ಹೋಗಿದ್ದವು. ಮೂರನೆಯದು ನಿಂತಾಗ ನಮ್ಮ ಡಾಕ್ಟರ್ ಬಾಯಿ, ತಲೆ ನೆರೆತ ಕಟ್ಟುನಿಟ್ಟಿನ ಹೆಂಗಸು, ಗರ್ಭದ ಬಾಯಿ ಬೇಗ ಸಡಿಲಾಗುತ್ತಿದೆ ಎಂದು ಹೇಳಿ ನಾಲ್ಕನೇ ತಿಂಗಳಲ್ಲೇ ಅದಕ್ಕೊಂದು ಹೊಲಿಗೆ ಹಾಕಿದ್ದರು. ಭಾರ ಎತ್ತಬೇಡ, ಬಸ್ಸಿನಲ್ಲಿ ಕುಲುಕಾಡಬೇಡ, ಕೂತು ಮಾಡುವ ಕೆಲಸ ಮಾತ್ರ ಮಾಡು ಎಂದಿದ್ದರು. ಮನೆ ಟಾಕೀಜಿನ ಹಿಂದಿನ ಗಲ್ಲಿಯಲ್ಲೇ ಇತ್ತು, ಖಿಡಕಿಯಲ್ಲಿ ಕುರ್ಚಿಯೂ ಇತ್ತು. ಹಾಗಾಗಿ ಕೆಲಸ ಬಿಡಲಿಲ್ಲ. ತವರಿಗೆ ಹೆರಿಗೆಗೆ ಹೋಗುವ ಮಾತು ಮಾತ್ರ ಬಿಟ್ಟೆ. ನಾನು ಹೋಗದಿದ್ದರೆ ತವರೇ ಬರಬೇಕಲ್ಲ, ಬೈಲಹೊಂಗಲದ ಕಡೆಯ ನಮ್ಮ ಹಳ್ಳಿಯಿಂದ ಚಿಗವ್ವ ಒಂದು ಟ್ರಂಕು, ಎರಡು ಕೌದಿ, ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆಯ ಚಂಚಿಯ ಸಮೇತ ಬಂದಿಳಿದಳು.

ಚಿಗವ್ವ ಅಂದರೆ ಚಿಕ್ಕಮ್ಮ. ಆದರೆ ನಮ್ಮ ನೀಲವ್ವ ನನ್ನ ಚಿಕ್ಕಮ್ಮನಲ್ಲ, ಹೆತ್ತ ತಾಯಿ. ನನಗಿಂತ ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳು ತೊಟ್ಟಿಲಲ್ಲೇ ಹೋಗಿದ್ದರಿಂದ, ನಾನು ಹುಟ್ಟಿದ ಕೂಡಲೇ ನನ್ನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟು ಬಂದಿದ್ದರು. ಮೊದಲೇ ಹೇಳಿಟ್ಟಿದ್ದಂತೆ ಪಕ್ಕದ ಮನೆಯ ಗಂಗವ್ವ, ಯಾರದೋ ಬಿದ್ದ ಕೂಸು ಸಿಕ್ಕವಳಂತೆ ಎತ್ತಿಕೊಂಡು ಹೋಗಿ, ನೀ ಇದನ್ನು ಸಾಕಿ ಕೊಡು ಎಂದು ನೀಲವ್ವನ ಮಡಿಲಿಗೆ ಹಾಕಿದ್ದಳು. ಸಾವು ಬಂದು ನೀಲವ್ವನ ಕೂಸೆಲ್ಲಿ ಎಂದು ಕೇಳಿದರೆ, ಇಲ್ಲಿ ನೀಲವ್ವನ ಕೂಸೇ ಇಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದೊಂದಿದೆ, ಅದೂ ಗಂಗವ್ವನದು. ಇದು ಆಟ. ನಮ್ಮ ಕಡೆ ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರಿನವರೆಲ್ಲ ಹೆಚ್ಚುಕಡಿಮೆ ಹೀಗೆ ಬದುಕಿದವರೇ. ಆದರೆ ಉಳಿದವರ ಮನೆಯಲ್ಲಿ ಆ ಆಟ ಹೆಸರಿಗೇ ಮುಗಿಯಿತು. ನಮ್ಮ ಮನೆಯಲ್ಲಿ ಮುಗಿಯಲಿಲ್ಲ. ನಾನು ಗಂಗವ್ವನನ್ನು ಅವ್ವ ಅನ್ನಬೇಕು, ಹೆತ್ತವಳನ್ನು ಚಿಗವ್ವ ಅನ್ನಬೇಕು. ಆರು ವರ್ಷದವಳಿದ್ದಾಗ ಗಂಗವ್ವ ತೀರಿಕೊಂಡಳು. ಅಲ್ಲಿಂದ ನಾನು ಯಾರನ್ನೂ ಅವ್ವ ಎಂದು ಕರೆಯಲಿಲ್ಲ. ಸಣ್ಣವಳಿದ್ದಾಗ ಒಮ್ಮೆ ಬಾಯಿತಪ್ಪಿ ಕರೆದದ್ದಕ್ಕೆ ನೀಲವ್ವ ನನ್ನ ಬಾಯಿ ಮುಚ್ಚಿ ಬಾಗಿಲ ಕಡೆ ನೋಡಿದ ರೀತಿ ನನಗಿನ್ನೂ ನೆನಪಿದೆ.

ಬಂದವಳಿಗೆ ಚಿಂಚವಾಡದಲ್ಲಿ ಹೊತ್ತು ಹೋಗದು. ನನ್ನ ಗಂಡ ಬಸವರಾಜ ಬೆಳಿಗ್ಗೆಯೇ ವರ್ಕ್‌ಶಾಪಿಗೆ ಹೋಗುತ್ತಿದ್ದ. ನಾನು ಮಧ್ಯಾಹ್ನ ಖಿಡಕಿಗೆ. ಒಂದು ದಿನ ಮಳೆ ಎಡೆಬಿಡದೆ ಸುರಿದು ಮನೆಯೊಳಗೆ ನೀರು ಜಿನುಗುತ್ತಿತ್ತು. ಟಾಕೀಜಿನಲ್ಲಾದರೂ ಬೆಚ್ಚಗೆ ಕೂತು ತೂಕಡಿಸಲಿ ಎಂದು ಅವಳನ್ನು ಬಾಲ್ಕನಿಯ ಮೂಲೆಯಲ್ಲಿ ಕೂರಿಸಿದೆ. ಹಿಂದಿ ಬರುವುದಿಲ್ಲ, ಏನು ತಿಳಿಯುತ್ತದೆ ಎಂದುಕೊಂಡೆ. ಅದು ನಾನು ಮಾಡಿದ ತಪ್ಪು. ಅವಳು ತೂಕಡಿಸಲಿಲ್ಲ. ಆ ಕಥೆಯನ್ನು ತಿಳಿಯಲು ಅವಳಿಗೆ ಭಾಷೆಯೇ ಬೇಕಿರಲಿಲ್ಲ, ಇಪ್ಪತ್ತಾರು ವರ್ಷದಿಂದ ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಕೂತವಳು.

ರಾತ್ರಿ ಊಟಕ್ಕೆ ಒಂದು ರೊಟ್ಟಿಯನ್ನೂ ಮುಗಿಸಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಟ್ರಂಕು ತುಂಬಿಸಿಕೊಂಡು ಬಾಗಿಲಲ್ಲಿ ಕೂತಿದ್ದಾಳೆ.

“ಎಲ್ಲಿಗೆ ಹೊಂಟಿ ಬೇ?” ಅಂದೆ.

“ಊರಿಗೆ. ಇಲ್ಲಿ ನಾ ಇರಬಾರ್ದು,” ಎಂದಳು. ಸ್ವಲ್ಪ ಹೊತ್ತು ಚಂಚಿಯ ದಾರ ಬಿಗಿ ಮಾಡಿ ಸಡಿಲು ಮಾಡಿ ಆಮೇಲೆ ಹೇಳಿದಳು, “ನಿನ್ನ ನಾ ಬಚ್ಚಿಟ್ಟೆ ತಿಪ್ಪವ್ವಾ. ಅದಕ್ಕ ಸಿಟ್ಟು ಬಂದು ಅದು ನಿನ್ನ ಎರಡು ಕೂಸು ಒಯ್ತು. ಒಮ್ಮೆ ತಪ್ಪಿಸ್ಕೊಂಡವರ ಮನಿಗೆ ಅದು ತಿರುಗಿ ಬರ್ತದ. ಅಲ್ಲಿ ದೂರದ ಮಂದಿಗೂ ಗೊತ್ತದ ಇದು, ನಿನ್ನೆ ನೋಡಿದೆ. ನಾ ಇಲ್ಲಿದ್ರ ನನ್ನ ಹಿಂದ ಬಂದು ಇದನ್ನೂ ಒಯ್ತದ.”

ಎರಡು ಸಲವೂ ನನ್ನ ಬಸಿರು ಹೋದಾಗ ಅವಳು ಬಂದು ಹದಿನೈದು ದಿನ ನನ್ನನ್ನು ನೋಡಿಕೊಂಡಿದ್ದಳು. ಒಂದು ದಿನವೂ ಈ ಮಾತು ಆಡಿರಲಿಲ್ಲ. ಇಷ್ಟು ಭಾರ ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳಲ್ಲ ಎನ್ನಿಸಿತು. ಆದರೆ ಬಾಯಿಂದ ಬಂದದ್ದು ಸಿಟ್ಟು. ಯಾರೋ ಬರೆದ ಕಥೆಯನ್ನು ನಂಬಿ ನನ್ನನ್ನು ಬಿಟ್ಟು ಹೋಗುತ್ತೀಯಾ, ಅದೂ ಟಿಕೆಟ್ ನಾನೇ ಕೊಟ್ಟ ಸಿನಿಮಾ ನೋಡಿ, ಎಂದು ಕೂಗಾಡಿದೆ. ಅವಳು ಟ್ರಂಕಿನಿಂದ ಕೈ ತೆಗೆಯಲಿಲ್ಲ. ನಾನು ಟ್ರಂಕಿನ ಮೇಲೆಯೇ ಕೂತುಬಿಟ್ಟೆ. ಏಳು ತಿಂಗಳ ಬಸುರಿಯನ್ನು ಎಬ್ಬಿಸಿ ಟ್ರಂಕು ಎಳೆಯುವುದು ಯಾವ ತಾಯಿಗೂ ಆಗದ ಕೆಲಸ.

ಸಂಜೆ ಬಸವರಾಜ ಬಂದು ಎಲ್ಲ ಕೇಳಿಸಿಕೊಂಡ. ಅವನು ಕೂಗುವ ಮನುಷ್ಯನಲ್ಲ. ನಾಳೆ ಗುರುವಾರ, ನನಗೆ ರಜೆ, ಅತ್ತಿಯವರನ್ನು ನಾನೇ ಇನ್ನೊಮ್ಮೆ ಆ ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ, ಈ ಸಲ ಬಾಲ್ಕನಿಯಲ್ಲಿ ಅಲ್ಲ, ಕೆಳಗೆ ಅಗ್ಗದ ಸೀಟಿನ ಸ್ಟಾಲಿನಲ್ಲಿ ಎಂದ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಆದರೆ ಅಳಿಯನ ಮಾತು ಮೀರುವುದು ನೀಲವ್ವನಿಗೆ ಸಾಧ್ಯವಿರಲಿಲ್ಲ. ಅವನು ಅದನ್ನು ಬಲ್ಲವನೇ.

ಚಿಂಚವಾಡದ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಆ ದಿನದ ಮ್ಯಾಟಿನಿಯ ಸ್ಟಾಲ್ ಅಂದರೆ ತಗಡು ಒತ್ತುವ ಪ್ರೆಸ್ ಶಾಪಿನವರು, ಲೇಥಿನವರು, ವೆಲ್ಡರುಗಳು, ಫಿಟ್ಟರುಗಳು. ಬಾಲ್ಕನಿಯವರು ಹೆದರಲು ಬರುತ್ತಿದ್ದರು. ಇವರು ತಪ್ಪು ಹುಡುಕಲು ಬರುತ್ತಿದ್ದರು. ಆ ಸಿನಿಮಾದಲ್ಲಿ ಯಾರೂ ಕತ್ತಿಯಿಂದ ಸಾಯುವುದಿಲ್ಲ, ಎಲ್ಲ ಸಾವೂ ಫ್ಯಾನು, ವೈರು, ಯಂತ್ರ, ಜಾರುವ ನೆಲದಿಂದಲೇ. ಅದನ್ನೆಲ್ಲ ದಿನಾ ಕೈಯಲ್ಲಿ ಹಿಡಿಯುವ ಮಂದಿಯ ಮುಂದೆ ಇಂಥ ಸಿನಿಮಾ ತೋರಿಸಿದರೆ ಇನ್ನೇನಾಗುತ್ತದೆ. ಮೂರನೇ ವಾರಕ್ಕೆ ಅವರಲ್ಲಿ ಅನೇಕರು ಎರಡು ಸಲ, ಮೂರು ಸಲ ನೋಡಿದ್ದರು.

ಅಂದು ಟಿಕೆಟ್ ಮುಗಿಸಿ ನಾನೂ ಒಳಗೆ ಹೋಗಿ ಅವರಿಬ್ಬರ ಹತ್ತಿರವೇ, ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತೆ. ತೆರೆಯ ಮೇಲೆ ಒಬ್ಬ ಮಲಗಿದ್ದಾನೆ, ಮೇಲೆ ಫ್ಯಾನು ಅಲುಗಾಡುತ್ತಿದೆ. ಬಾಲ್ಕನಿಯಲ್ಲಿ ಉಸಿರು ಬಿಗಿಹಿಡಿದ ಸದ್ದು. ಕೆಳಗಿನಿಂದ ಒಬ್ಬ ಕೂಗಿದ, “ಅರೇ, ಪಿನ್ ಕುಠೇ ಆಹೆ?” ಫ್ಯಾನಿನ ಕೊಂಡಿಗೆ ಹಾಕುವ ಪಿನ್ನು ಎಲ್ಲಿ ಎಂದು. ಇಡೀ ಸ್ಟಾಲ್ ನಕ್ಕಿತು. ಫ್ಯಾನು ಬಿತ್ತು. ಇನ್ನೊಬ್ಬಳು ಒದ್ದೆ ಕೈಯಲ್ಲಿ ಸ್ವಿಚ್ ಒತ್ತಿದಳು. ಅರ್ಥಿಂಗ್ ಇಲ್ಲ, ಅರ್ಥಿಂಗ್ ಇಲ್ಲ ಎಂದು ನಾಲ್ಕು ಕಡೆಯಿಂದ ಬೊಬ್ಬೆ. ಮರ ಕೊಯ್ಯುವ ಯಂತ್ರದ ಹತ್ತಿರ ಒಬ್ಬ ಕಾಲು ಜಾರಿದಾಗ ಹಿಂದಿನ ಸಾಲಿನ ಮುದುಕ ಮೇಸ್ತ್ರಿಯೊಬ್ಬ ಎದ್ದು ನಿಂತು, ಅದಕ್ಕೆ ಗಾರ್ಡ್, ಅಂದರೆ ಕೈಕಾಲು ಸಿಕ್ಕದಂತೆ ತಡೆಯುವ ಜಾಲರಿ, ಹಾಕಿಸದ ಮಾಲೀಕನ ಅಮ್ಮ ಅಕ್ಕ ಎಲ್ಲರನ್ನೂ ನೆನೆದ. ಸಾವು ಅಷ್ಟು ಕಷ್ಟಪಟ್ಟು ಗಾಳಿ ಬೀಸಿ, ಬಾಗಿಲು ಕಿರ್ರೆನಿಸಿ, ನೆರಳು ತೋರಿಸಿ ಬಂದರೂ ಈ ಮಂದಿ ಅದಕ್ಕೆ ಕವಡೆಯ ಕಿಮ್ಮತ್ತು ಕೊಡಲಿಲ್ಲ.

ನೀಲವ್ವ ತೆರೆ ನೋಡುವುದನ್ನು ಬಿಟ್ಟು ಆ ಮಂದಿಯನ್ನು ನೋಡುತ್ತಿದ್ದಳು. ಅಳಿಯನನ್ನು ಏನಂತಾರೆ, ಏನಂತಾರೆ ಎಂದು ಕೇಳುತ್ತಿದ್ದಳು. ಅವನು ಪ್ರತಿಯೊಂದನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದ. ಮಧ್ಯಂತರದಲ್ಲಿ ವಡೆ ತಂದುಕೊಟ್ಟಾಗ ಅವನ ಎಡಗೈ ಅವಳ ಕಣ್ಣಿಗೆ ಬಿತ್ತು. ಬಿದ್ದದ್ದೇನು, ಮದುವೆಯಾದಾಗಿನಿಂದ ನೋಡುತ್ತಿದ್ದದ್ದೇ, ಕೇಳಿರಲಿಲ್ಲ ಅಷ್ಟೇ. ಆ ಕೈಯಲ್ಲಿ ಎರಡು ಬೆರಳಿಲ್ಲ.

“ಇದು ಹೆಂಗಾತ್ರಿ?” ಎಂದು ಕೇಳಿದಳು.

“ನನ್ನ ಹಣ್ಯಾಗ ಬರದಿತ್ತು ಅಂತ ಸೂಪರ್‌ವೈಸರ್ ಅಂದ್ರಿ,” ಎಂದ ಬಸವರಾಜ. “ಹಣ್ಯಾಗ ಏನೂ ಬರದಿರಲಿಲ್ಲ ಅತ್ತಿ. ಕೆಲಸ ಲಗೂ ಆಗ್ಲಿ ಅಂತ ಪ್ರೆಸ್ಸಿನ ಗಾರ್ಡ್ ಬಿಚ್ಚಿಟ್ಟಿದ್ರು. ಅಮ್ಯಾಲ ನಾವು ಹನ್ನೆರಡು ಮಂದಿ ಮಷಿನ್ ನಿಲ್ಲಿಸಿ ಕೂತ್ವಿ. ಗಾರ್ಡ್ ಹಾಕಿದ್ರು. ಅಲ್ಲಿಂದ ಇವತ್ತಿನ ತನಕ ಆ ಮಷಿನ್ ಮ್ಯಾಲೆ ಯಾರ ಬೆರಳೂ ಹೋಗಿಲ್ಲ.”

ಇದನ್ನು ಅವನು ನನಗೂ ಇಷ್ಟು ನೆಟ್ಟಗೆ ಹೇಳಿರಲಿಲ್ಲ. ನೀಲವ್ವ ವಡೆಯನ್ನು ತಿನ್ನದೆ ಮತ್ತೆ ಕಾಗದದಲ್ಲಿ ಸುತ್ತಿಟ್ಟಳು. ಹಾಗಾದರೆ ಇವಳ ಕೂಸುಗಳು, ಎಂದು ಕೇಳಿದಳು. ಅದನ್ನು ಡಾಕ್ಟರ್ ಬಾಯಿಯನ್ನೇ ಕೇಳೋಣ ಎಂದು ಅವನು ಹೇಳಿದ.

ಶನಿವಾರ ನನ್ನ ತಪಾಸಣೆ ಇತ್ತು. ನೀಲವ್ವ ನನ್ನ ಹಿಂದೆಯೇ ಒಳಗೆ ನುಗ್ಗಿದಳು. ಅವಳು ಕನ್ನಡದಲ್ಲಿ ಕೇಳುವುದು, ನಾನು ಮರಾಠಿಯಲ್ಲಿ ಹೇಳುವುದು. ಎರಡು ಕೂಸು ಯಾಕೆ ಹೋದವು, ನಾನು ಮಾಡಿದ್ದರಿಂದ ಏನಾದರೂ ಆಯಿತೇ ಎಂದು ಕೇಳು ಅಂದಳು. ಆ ಪ್ರಶ್ನೆಯನ್ನು ಹಾಗೆಯೇ ಮರಾಠಿಗೆ ತಿರುಗಿಸಿದೆ. ಡಾಕ್ಟರ್ ಬಾಯಿ ನಗಲಿಲ್ಲ, ಗದರಲಿಲ್ಲ. ಚೀಟಿಯ ಹಿಂಬದಿಯಲ್ಲಿ ಗರ್ಭದ ಚಿತ್ರ ಬರೆದು, ಅದರ ಬಾಯಿಯ ಸುತ್ತ ಹೊಲಿಗೆ ಹಾಕಿದ್ದು ಹೀಗೆ ಎಂದು ಗೆರೆ ಎಳೆದು ತೋರಿಸಿದರು. ನೀಲವ್ವ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ನಲವತ್ತು ವರ್ಷ ಕೌದಿ ಹೊಲಿದ ಕೈ ಅವಳದು. ಸೊಂಟದ ಚಂಚಿ ತೆಗೆದು ಮೇಜಿನ ಮೇಲಿಟ್ಟಳು. ಅದರ ಬಾಯಿಯ ದಾರ ಎರಡೂ ಕಡೆ ಹಿಡಿದು ಜಗ್ಗಿದಳು. ಚಂಚಿಯ ಬಾಯಿ ಮುಚ್ಚಿತು. ಹೀಗೋ ಎಂಬಂತೆ ಡಾಕ್ಟರ್ ಮುಖ ನೋಡಿದಳು. ಡಾಕ್ಟರ್ ಬಾಯಿ ಚಂಚಿಯನ್ನು ಕೈಗೆ ತೆಗೆದುಕೊಂಡು ತಾವೂ ಒಮ್ಮೆ ಜಗ್ಗಿ ನೋಡಿ, ಹೌದು, ಅಗದೀ ಹೀಗೇ ಎಂದರು.

“ದಾರ ಸಡಿಲಿತ್ತು,” ಎಂದಳು ನೀಲವ್ವ ಹೊರಗೆ ಬಂದು. “ಅಷ್ಟ.”

ಮನೆಗೆ ಬಂದು ಟ್ರಂಕು ಬಿಚ್ಚಿ ಸೀರೆಗಳನ್ನು ಹಗ್ಗಕ್ಕೆ ಹಾಕಿದಳು. ಗೆದ್ದೆ ಎಂದುಕೊಂಡೆ. ಆದರೆ ಇಪ್ಪತ್ತಾರು ವರ್ಷದ ಹೆದರಿಕೆ ಒಂದು ಚೀಟಿಗೆ ಪೂರ್ತಿ ಹೋಗುತ್ತದೆಯೇ? ಉಳಿಯುತ್ತೇನೆ, ಆದರೆ ನೀನು ನನ್ನನ್ನು ಚಿಗವ್ವ ಎಂದೇ ಅನ್ನು ಎಂದಳು. ಹುಟ್ಟಿದ ಕೂಸನ್ನು ಒಂದು ಗಳಿಗೆಯಾದರೂ ತಿಪ್ಪೆಯ ಮೇಲಿಡಬೇಕು ಎಂದಳು. ಚಿಂಚವಾಡದಲ್ಲಿ ತಿಪ್ಪೆ ಎಲ್ಲಿ? ಅವಳು ಬಿಡುವವಳಲ್ಲ, ಮಳೆ ನಿಂತ ದಿನ ಹುಡುಕಿಕೊಂಡು ಹೋಗಿ ಹಳೇ ಊರಿನ ಭಾಗವಾದ ಗಾಂವಠಾಣದಲ್ಲಿ ಎಮ್ಮೆ ಕಟ್ಟಿದ ಒಂದು ಕೊಟ್ಟಿಗೆ, ಅದರ ಬದಿಯ ತಿಪ್ಪೆ ನೋಡಿಟ್ಟು ಬಂದಳು. ಎಮ್ಮೆಯವನ ಜೊತೆ ಮಾತೂ ಆಡಿ ಬಂದಿದ್ದಳಂತೆ, ಯಾವ ಭಾಷೆಯಲ್ಲೋ ದೇವರೇ ಬಲ್ಲ.

ಅದಕ್ಕೆ ನಾನು ಖಂಡಿತ ಒಪ್ಪಲಿಲ್ಲ. ನನ್ನ ಕೂಸು ಅಡಗಿಕೊಂಡು ಬದುಕುವುದಿಲ್ಲ ಎಂದೆ. ನೀನು ಬದುಕಿದ್ದು ನಾನು ಅಡಗಿಸಿದ್ದಕ್ಕೇ ಎಂದಳು. ನಾನು ಬದುಕಿದ್ದು ನೀನು ನಿದ್ದೆಗೆಟ್ಟು ಮೊಲೆಯುಣಿಸಿದ್ದಕ್ಕೆ, ಜ್ವರ ಬಂದಾಗ ಹೊತ್ತುಕೊಂಡು ಬೈಲಹೊಂಗಲದ ದವಾಖಾನೆಗೆ ನಡೆದದ್ದಕ್ಕೆ ಎಂದೆ. ಅದಕ್ಕೆ ಅವಳು ಹೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ.

“ತಿಪ್ಪಿ ಮ್ಯಾಲ ಇಟ್ರ ಮೋಸಹೋಗೂವಷ್ಟು ಅದು ದಡ್ಡ ಇರ್ಲಿಕ್ಕಿಲ್ಲ ಅಂತ ನನಗೂ ಅನಸ್ತಿತ್ತು. ಆದರ ಎರಡು ಕೂಸು ಕಳಕೊಂಡಾಕಿ ಕೈಕಟ್ಟಿ ಕುಂಡ್ರಬೇಕಿತ್ತೇನು? ನನ್ನ ಕೈಲೆ ಏನಾಗ್ತಿತ್ತೋ ಅದನ್ನ ಮಾಡಿದೆ.”

ಅಲ್ಲಿಯವರೆಗೆ ಆ ತಿಪ್ಪೆ, ಆ ಹೆಸರು ನನಗೆ ನಾಚಿಕೆಯ ವಸ್ತುಗಳಾಗಿದ್ದವು. ಅಂದು ಮೊದಲ ಸಲ ಅನ್ನಿಸಿತು: ಲಿಫ್ಟಿನಿಂದ ಇಳಿದ ಆ ಆರು ಮಂದಿಗಿಂತ ಮೊದಲೇ ನಮ್ಮ ಹಳ್ಳಿಯ ಓದುಬಾರದ ಹೆಂಗಸೊಬ್ಬಳು ಸಾವಿನ ಎದುರು ನಿಂತು, ಕೈಗೆ ಸಿಕ್ಕ ಮೊರವನ್ನೇ ಗುರಾಣಿ ಮಾಡಿಕೊಂಡು ಬಡಿದಾಡಿದ್ದಳು. ನನಗೆ ನನ್ನ ಹೆಸರಿನ ಮೇಲೆ ಪ್ರೀತಿ ಹುಟ್ಟಿದ್ದು ಆ ದಿನ. ತಿಪ್ಪೆಯ ಮಾತನ್ನು ಮಾತ್ರ ಇಬ್ಬರೂ ಅಲ್ಲಿಗೇ ಬಿಟ್ಟೆವು. ಹುಟ್ಟಿದ ಮೇಲೆ ನೋಡೋಣ ಎಂದು.

ಶ್ರಾವಣ ಮುಗಿಯಿತು. ಸಿನಿಮಾ ಐದನೇ ವಾರಕ್ಕೆ ಎತ್ತಂಗಡಿಯಾಯಿತು. ಗಣಪತಿ ಕೂತಿದ್ದ ದಿನಗಳಲ್ಲಿ ಡಾಕ್ಟರ್ ಬಾಯಿ ಹೊಲಿಗೆ ಬಿಚ್ಚಿದರು. ಅದಾಗಿ ಮೂರನೇ ದಿನ, ಮನೆಮನೆಯಲ್ಲಿ ಗೌರಿ ಕೂಡಿಸಿದ ಮರುದಿನ ಬೆಳಿಗ್ಗೆ ಬೇನೆ ಶುರುವಾಯಿತು. ಹೆರಿಗೆ ಕೋಣೆಯ ಕಿಟಕಿಯಾಚೆ ಯಾವುದೋ ಮಂಡಳದವರು ಢೋಲು ಬಡಿಯುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ಬಸವರಾಜ, ನೀಲವ್ವ.

ಬೇನೆ ತಿಂದವರಿಗೆಲ್ಲ ಗೊತ್ತು, ಆ ಹೊತ್ತಿನಲ್ಲಿ ಬಾಯಿಂದ ಬರುವುದು ಒಂದೇ ಮಾತು. ಹಿಂದಿನ ಎರಡು ಸಲ ಅದನ್ನು ನಾನು ಹಲ್ಲು ಕಚ್ಚಿ ನುಂಗಿದ್ದೆ. ಈ ಸಲವೂ ಮಧ್ಯಾಹ್ನದವರೆಗೆ ನುಂಗಿದೆ. ಆಮೇಲೆ ಒಂದು ಬೇನೆ ಸೊಂಟ ಮುರಿದು ಬಂತು ನೋಡಿ, ಆಗ ನನಗೆ ಸಿಟ್ಟು ಬಂತು. ಯಾರಿಗೆ ಹೆದರಿ ನಾನು ಇದನ್ನು ನುಂಗಬೇಕು? ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವವನು ಯಾವನಿದ್ದಾನೆ? ಇದ್ದರೆ ಕೇಳಿಸಿಕೊಳ್ಳಲಿ. “ಅವ್ವಾ” ಎಂದು ಕೂಗಿದೆ. ಢೋಲಿನ ಸದ್ದನ್ನು ಮೀರಿ ಕೂಗಿದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಲೇ ಇಲ್ಲ, ಇಪ್ಪತ್ತಾರು ವರ್ಷದ್ದೆಲ್ಲ ಸೇರಿಸಿ ಕೂಗಿದೆ.

ಆಯಾ ಬಾಗಿಲು ಅರ್ಧ ತೆರೆದು ಹೊರಗೆ ತಲೆ ಹಾಕಿದಳು. ಕೂಸಿಗೆ ಸುತ್ತುವ ಬಟ್ಟೆ ಬೇಕಿತ್ತು ಅವಳಿಗೆ. “ಹಿಚೀ ಆಈ ಕೋಣ ಆಹೆ?” ಎಂದು ಕೇಳಿದಳು. ಇವಳ ತಾಯಿ ಯಾರು ಎಂದು.

ನನಗೆ ಬಾಗಿಲ ಸಂದಿಯಲ್ಲಿ ನೀಲವ್ವನ ಸೀರೆಯ ಸೆರಗು ಮಾತ್ರ ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ. ಚಿಕ್ಕಮ್ಮ ಎಂದು ಹೇಳಿಬಿಡುತ್ತಾಳೆ, ಬಸವರಾಜನ ಕೈಗೆ ಬಟ್ಟೆ ಕೊಟ್ಟು ಕಳಿಸುತ್ತಾಳೆ ಎಂದುಕೊಂಡೆ. ಆಯಾ ಬೇಸತ್ತು ಇನ್ನೊಮ್ಮೆ ಕೇಳಿದಳು. ಆಗ ಸೆರಗು ಎದ್ದು ನಿಂತಿತು.

“ಮೀ,” ಎಂದಳು ನೀಲವ್ವ, ನಾನು ಎಂದು. ಅವಳಿಗೆ ಬರುತ್ತಿದ್ದ ಮರಾಠಿ ಅಷ್ಟೇ. ಆಮೇಲೆ ಆಸ್ಪತ್ರೆಯ ಆ ತುದಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದಳು, “ನಾನಽ ಆಕಿ ಅವ್ವ. ಒಂಬತ್ತು ತಿಂಗಳು ಹೊತ್ತು ಹಡದಾಕಿ ನಾ. ಯಾರು ಕೇಳಿಸ್ಕೋಬೇಕೋ ಕೇಳಿಸ್ಕೊಳ್ಳಲಿ.”

ಹೇಳಿದವಳೇ ಆಯಾಳನ್ನು ಬದಿಗೆ ಸರಿಸಿ ಬಟ್ಟೆಯ ಗಂಟಿನ ಸಮೇತ ಒಳಗೆ ಬಂದು ನನ್ನ ತಲೆಯ ಹತ್ತಿರ ನಿಂತಳು. ಯಾರು ಹೇಳಿದರೂ ಹೊರಗೆ ಹೋಗಲಿಲ್ಲ. ಅವಳ ಕೈ ಹಿಡಿದುಕೊಂಡೇ ನಾನು ಹೆತ್ತೆ. ಹುಟ್ಟಿದ್ದು ಹೆಣ್ಣು, ದನಿ ಜೋರಿತ್ತು. ತಿಪ್ಪೆಯ ಮಾತನ್ನು ನೀಲವ್ವ ಎತ್ತಲಿಲ್ಲ. ಚೆಂದದ ಹೆಸರಿಡ್ರಿ ಎಂದಳು, ಆಮೇಲೆ ಯಾರಿಗೂ ಕಾಯದೆ ಗೌರಿ ಎಂದು ತಾನೇ ಇಟ್ಟಳು. ಗಾಂವಠಾಣದ ಎಮ್ಮೆಯವನು ಮಾತ್ರ ಎರಡು ವಾರ ನಮ್ಮ ದಾರಿ ನೋಡಿದನಂತೆ.

ಆ ಸಿನಿಮಾದ ಮೂರನೇ ಭಾಗ ಬಂದಾಗ ಅವ್ವ ಊರಿನಿಂದ ಅದಕ್ಕೆಂದೇ ಬಂದಳು. ಗುರುವಾರದ ಮ್ಯಾಟಿನಿ, ಸ್ಟಾಲ್. ಎರಡನೇ ಭಾಗದಲ್ಲಿ ಉಳಿದವರನ್ನು ಈ ಸಲವೂ ಆರಂಭದಲ್ಲೇ ಕೊಂದಿದ್ದರು. ಅದಕ್ಕೆ ಅವಳಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಿದ್ದು ಕಂಡಾಗ, ಒರಸ್ರಿ ಅದನ್ನ ಎಂದು ಎಲ್ಲರಿಗಿಂತ ಮೊದಲು ಕೂಗಿದ್ದು ಅವಳೇ. ಕೆಲವು ವರ್ಷಗಳ ಹಿಂದೆ ಉಬ್ಬಸದಿಂದ ತೀರಿಕೊಂಡಳು. ಹೋಗುವುದು ಎಲ್ಲರಿಗೂ ಇದ್ದದ್ದೇ, ನನಗೂ ಇದೆ. ಆದರೆ ಅವಳು ಹೆದರಿಕೊಂಡು ಹೋಗಲಿಲ್ಲ, ನನ್ನಿಂದ ಅವ್ವ ಎಂದು ಹೊಟ್ಟೆ ತುಂಬ ಕರೆಸಿಕೊಂಡು ಹೋದಳು.

ಮಳೆ ಕಡಿಮೆಯಾಗಿ ತಾಡಪತ್ರಿಯ ಕೆಳಗಿನ ಜನ ಕರಗಿದರು. ನನ್ನನ್ನು ಕರೆದೊಯ್ಯಲು ಸ್ಕೂಟರ್ ತಂದ ಗೌರಿ ರಸ್ತೆಯ ಆ ಬದಿಯಲ್ಲಿ, ಸರಿಯಾಗಿ ಆ ಪೋಸ್ಟರಿನ ಕೆಳಗೇ ನಿಂತು ನನ್ನನ್ನು ಹುಡುಕುತ್ತಿದ್ದಳು. ಕಂಡ ಕೂಡಲೇ “ಅವ್ವಾ” ಎಂದು ಕೂಗಿದಳು. ಹುಟ್ಟಿದ ದಿನದ ದನಿಯೇ, ಬಸ್ಸಿನ ಹಾರ್ನು ಅದಕ್ಕೆ ಲೆಕ್ಕವಿಲ್ಲ. ನಾಲ್ಕು ಜನ ತಿರುಗಿ ನೋಡಿದರು. ನಾನು ಕೈಯೆತ್ತಿ, ಅವರಿಗೂ ಗೋಡೆಯ ಮೇಲಿನ ಲಿಫ್ಟಿಗೂ ಕೇಳುವ ಹಾಗೆ, ಓ ಎಂದೆ.